ಬಾರದ ಸಾಲಕ್ಕೆ ಎತ್ತಿಟ್ಟ ಐದು ಲಕ್ಷ

ತಿಳಿಯದ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡಿರುವವರನ್ನು ಕಂಡರೆ ನನಗೆ ಬಹಳ ಗೌರವ. ಅವರ ಹಾಗಿರಬೇಕೆಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ನಾಲ್ಕು ಜನ ಕೂತಿರುವಾಗ ಒಬ್ಬರು ಒಂದು ಅಂಕಿ ಹೇಳಿದರೆ ಅದಕ್ಕಿಂತ ದೊಡ್ಡದೊಂದನ್ನು ಹೇಳದಿರಲು ನನ್ನಿಂದಾಗದು. ಪಕ್ಕದ ಮನೆಯವರಿಗೆ ನೂರೊಂದು ಡಿಗ್ರಿ ಜ್ವರ ಬಂತೆಂದರೆ, ನನಗೆ ಹೋದ ವರ್ಷ ನೂರನಾಲ್ಕು ಬಂದಿರುತ್ತದೆ. ಈ ಚಟದಿಂದಾಗಿ ಚಾಮರಾಜಪೇಟೆಯಲ್ಲಿ ಒಂದು ಬ್ಯಾಂಕು ಬಾಗಿಲು ಹಾಕುವುದರಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಸ್ವಾತಂತ್ರ್ಯ ಬಂದ ಹೊಸತು. ಎಲ್ಲೆಲ್ಲೋ ಸಣ್ಣಪುಟ್ಟ ಬ್ಯಾಂಕುಗಳು ಮುಳುಗಿದ ಸುದ್ದಿ ಬರುತ್ತಿತ್ತು. ಜನಕ್ಕೆ ಒಳಗೊಳಗೇ ದಿಗಿಲು. ನಾನು ಒಂದು ದೊಡ್ಡ ಬ್ಯಾಂಕಿನಲ್ಲಿ ಗುಮಾಸ್ತ. ಮಹಡಿಯ ಮೇಲೆ ಕೂತು ಪಟ್ಟಿಗಳನ್ನು ತಯಾರಿಸುವುದು ನನ್ನ ಕೆಲಸ. ಅಕೌಂಟೆಂಟರ ಹುದ್ದೆ ಆಗಷ್ಟೇ ಖಾಲಿಯಾಗಿತ್ತು, ಅದರ ಮೇಲೆ ನನಗೆ ಕಣ್ಣಿತ್ತು. ಒಂದು ಶುಕ್ರವಾರ ಮ್ಯಾನೇಜರು ಕರೆದು, "ನೋಡ್ರೀ, ದೊಡ್ಡ ಬ್ಯಾಂಕುಗಳೋರು ವಾಪಸ್ ಬಾರದೇ ಹೋಗಬಹುದಾದ ಸಾಲಕ್ಕೆ ಅಂತ ಲಾಭದಲ್ಲಿ ಎಷ್ಟೆಷ್ಟು ಎತ್ತಿಡ್ತಾರೆ ಅಂತ ಒಂದು ಪಟ್ಟಿ ಮಾಡಿ. ಸೋಮವಾರ ನನ್ನ ಮೇಜಿನ ಮೇಲಿರ್ಬೇಕು. ಚೆನ್ನಾಗಿ ಮಾಡಿದ್ರೆ ನಿಮ್ಮ ಹೆಸರು ಮೇಲಕ್ಕೆ ಕಳಿಸ್ತೀನಿ," ಎಂದರು.

ಇದೇನು ಮಹಾ ಎಂದುಕೊಂಡು ಎಲ್ಲ ಬ್ಯಾಂಕುಗಳ ವಾರ್ಷಿಕ ವರದಿಗಳನ್ನು ತರಿಸಿಕೊಂಡು ಕೂತೆ. ನಿರ್ದೇಶಕರ ಫೋಟೋ ಇತ್ತು, ಹೊಸ ಕಟ್ಟಡದ ಫೋಟೋ ಇತ್ತು. ನನಗೆ ಬೇಕಾದ ಕಡೆ ಮಾತ್ರ ಎಲ್ಲರೂ ಮಾತಾಡಿಕೊಂಡವರಂತೆ ಒಂದೇ ವಾಕ್ಯ ಬರೆದಿದ್ದರು: 'ಬಾರದ ಸಾಲಗಳಿಗೆ ಅಗತ್ಯವಾದಷ್ಟು ತೆಗೆದಿಟ್ಟ ಮೇಲೆ ಉಳಿದ ಲಾಭ ಇಂತಿಷ್ಟು.' ಅಗತ್ಯವಾದಷ್ಟು ಎಂದರೆ ಎಷ್ಟು ಸ್ವಾಮಿ? ಅದನ್ನು ಹೇಳುವ ರೂಢಿಯೇ ಆಗ ಯಾರಿಗೂ ಇರಲಿಲ್ಲ. ನಮ್ಮ ಬ್ಯಾಂಕಿನ ಅಂಕಿ ನನಗೇ ಗೊತ್ತಿರಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ನಮ್ಮ ಬೀದಿಯಲ್ಲೇ ಇದ್ದ ನನ್ನ ಸ್ನೇಹಿತರು ಕೃಷ್ಣಪ್ಪ ಮತ್ತು ವೆಂಕಟೇಶಯ್ಯ, ಒಬ್ಬೊಬ್ಬರೂ ಒಂದೊಂದು ದೊಡ್ಡ ಬ್ಯಾಂಕಿನಲ್ಲಿದ್ದವರು. ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಉಪ್ಪಿಟ್ಟಿಗೆ ಕರೆದೆ. ನನ್ನ ಹೆಂಡತಿ ಸರೋಜ ಎರಡನೇ ಸಲ ಕಾಫಿ ತಂದುಕೊಟ್ಟ ಮೇಲೆ, ಜಗಲಿಯ ಮೇಲೆ ಕೂತು ಮಾತು ತೆಗೆದೆ.

"ನಮ್ಮಲ್ಲಿ ಹತ್ತು ಸಾವಿರ ಎತ್ತಿಟ್ಟಿದ್ರೆ ಹೆಚ್ಚು," ಎಂದ ಕೃಷ್ಣಪ್ಪ, ಮೀಸೆ ಒರೆಸಿಕೊಂಡು. "ನಾವು ಕೊಟ್ಟ ಸಾಲ ಬಡ್ಡಿ ಸಮೇತ ತಾನಾಗೇ ವಾಪಸ್ ಬರುತ್ತೆ ಕಣಯ್ಯಾ. ಕಂಡಕಂಡೋರಿಗೆ ಸಾಲ ಕೊಟ್ಟೋರು ಎತ್ತಿಡ್ಲಿ."

ವೆಂಕಟೇಶಯ್ಯನಿಗೆ ಉರಿಯಿತು. "ಎತ್ತಿಡಕ್ಕೆ ಮೊದಲು ಲಾಭ ಬೇಕಲ್ಲಪ್ಪಾ! ನಮ್ಮಲ್ಲಿ ಎರಡು ಲಕ್ಷ ಎತ್ತಿಟ್ಟಿದಾರೆ, ಗೊತ್ತಾ?"

ನನ್ನ ಪಾಡಿಗೆ ನಾನು ಬರೆದುಕೊಂಡು ಎದ್ದಿದ್ದರೆ ಆಗಿತ್ತು. ಎರಡು ಲಕ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಎದ್ದು ನಿಂತು, "ಎರಡೇನು ಮಹಾ? ನಮ್ಮ ಬ್ಯಾಂಕಲ್ಲಿ ಬಾರದ ಸಾಲಕ್ಕೆ ಐದು ಲಕ್ಷ! ಹೆಚ್ಚು ಎತ್ತಿಟ್ಟೋರೇ ಗಟ್ಟಿ ಕುಳ!" ಎಂದು ಕೂಗಿಬಿಟ್ಟೆ. ಪಕ್ಕದ ಜಗಲಿಯಲ್ಲಿ ಶಿವಲಿಂಗಪ್ಪನವರು ಪೇಪರು ಓದುತ್ತಿದ್ದರು. ಮಾಮೂಲ್‌ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ, ದುಡ್ಡೆಲ್ಲ ನಮ್ಮ ಬ್ಯಾಂಕಿನಲ್ಲಿ. ಅವರು ಪೇಪರು ಮಡಿಸಿ ಒಳಗೆ ಹೋದರು. ನಾನು ಅದನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ.

ಸೋಮವಾರ ಹೋಗಿ ನೋಡಿದರೆ ಬ್ಯಾಂಕಿನ ಬಾಗಿಲಿಂದ ಬೀದಿಯ ತಿರುವಿನವರೆಗೆ ಜನ. ಎಲ್ಲರ ಕೈಯಲ್ಲೂ ಪಾಸ್‌ಬುಕ್ಕು. ಮುಂದೆ ಶಿವಲಿಂಗಪ್ಪನವರು, ಅವರ ಹಿಂದೆ ಮಾಮೂಲ್‌ಪೇಟೆಗೆ ಮಾಮೂಲ್‌ಪೇಟೆಯೇ.

"ಐದು ಲಕ್ಷ ಮುಳುಗೋಗಿದೆಯಂತಲ್ಲ ಸ್ವಾಮಿ," ಎಂದು ಅವರು ಮ್ಯಾನೇಜರನ್ನು ಕೇಳುತ್ತಿದ್ದರು. "ನಿಮ್ಮ ಗುಮಾಸ್ತರೇ ಹೇಳಿದ್ರು. ಇಗೋ, ಬಂದ್ರು ನೋಡಿ."

ಮ್ಯಾನೇಜರು ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ಬೆವರುತ್ತೇನೆ. "ಮುಳುಗಿಲ್ಲ ಸ್ವಾಮಿ, ಮುಳುಗಿದ್ರೆ ಇರ್ಲಿ ಅಂತ ಎತ್ತಿಟ್ಟಿರೋದು," ಎಂದು ತೊದಲಿದೆ.

"ಮುಳುಗಲ್ಲ ಅನ್ನೋ ಹಾಗಿದ್ರೆ ಎತ್ತಿಡೋದ್ಯಾಕೆ?" ಎಂದರು ಶಿವಲಿಂಗಪ್ಪನವರು. ಹಿಂದಿದ್ದವರು ಹೌದು ಹೌದು ಎಂದರು. ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು.

ಆ ಹೊತ್ತಿಗೆ ಸಾಲಿನ ಹಿಂದಿನಿಂದ ಸರೋಜ ಬಂದಳು. ಅವಳ ಕೈಯಲ್ಲೂ ಒಂದು ಪಾಸ್‌ಬುಕ್ಕು! ಗುಮಾಸ್ತನ ಹೆಂಡತಿಯೇ ದುಡ್ಡು ತೆಗೆದರೆ ಇನ್ನು ಯಾರು ಬಿಡುತ್ತಾರೆ? ಬ್ಯಾಂಕೂ ಹೋಯಿತು, ನನ್ನ ಅನ್ನವೂ ಹೋಯಿತು ಎಂದುಕೊಂಡೆ. ಅವಳು ನನ್ನ ಮುಖ ನೋಡಿದಳು, ಮ್ಯಾನೇಜರ ಮುಖ ನೋಡಿದಳು. ಆಮೇಲೆ ಇಡೀ ಬ್ಯಾಂಕಿಗೆ ಕೇಳುವ ಹಾಗೆ, "ಸ್ವಲ್ಪ ದಾರಿ ಬಿಡಿ, ನಾನು ದುಡ್ಡು ತೆಗೆಯಕ್ಕೆ ಬಂದೋಳಲ್ಲ, ಕಟ್ಟಕ್ಕೆ ಬಂದೋಳು," ಎಂದು ಸೀದಾ ಕ್ಯಾಷಿಯರ ಮುಂದೆ ಹತ್ತು ರೂಪಾಯಿಯ ನೋಟು ಇಟ್ಟಳು. ಅದು ತಿಂಗಳ ಹಾಲಿನ ದುಡ್ಡು.

ಶಿವಲಿಂಗಪ್ಪನವರು ಅವಳನ್ನೇ ನೋಡಿದರು. "ಒಳಗಿನ ಸುದ್ದಿ ಗೊತ್ತಿರೋರೇ ಕಟ್ತಿದಾರೆ," ಎಂದು ಪಾಸ್‌ಬುಕ್ಕನ್ನು ಕೋಟಿನ ಜೇಬಿಗೆ ಸೇರಿಸಿ ಹೊರಟರು. ಸಾಲು ಕರಗಿತು. ಮ್ಯಾನೇಜರು ಅವಳಿಗೆ ಕೈಮುಗಿದು, ನನ್ನ ಕಡೆ ತಿರುಗಿ, "ಅಕೌಂಟೆಂಟ್ ಕೆಲಸ ಇವರಿಗೆ ಕೊಡೋ ಹಾಗಿದ್ರೆ ಈಗಿಂದೀಗ್ಲೇ ಕೊಡ್ತಿದ್ದೆ ಕಣ್ರೀ," ಎಂದರು. ನನಗೆ ಆ ಹುದ್ದೆ ಸಿಗಲಿಲ್ಲ. ಇದ್ದ ಕೆಲಸ ಉಳಿಯಿತು.

ಜನ ಹೋದ ಮೇಲೆ ಕೆಳಗಿನ ಲೆಡ್ಜರಿನಲ್ಲಿ ಅವಳ ಖಾತೆ ತೆಗೆದು ನೋಡಿದೆ. ಏಳುನೂರು ರೂಪಾಯಿ ದಾಟಿತ್ತು! ನನ್ನ ಖಾತೆಯಲ್ಲಿ ಹನ್ನೆರಡಿತ್ತು. ಸಂಜೆ ಮನೆಗೆ ಬಂದವನೇ, "ಏನೇ ಇದು? ಯಾತಕ್ಕೇ ಇಷ್ಟು ದುಡ್ಡು?" ಎಂದೆ.

ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. "ನಿಮಗೋಸ್ಕರಾನೇ ರೀ. ಮದುವೆಯಾದ ವರ್ಷವೇ ಶುರು ಮಾಡ್ದೆ. ನಿಮ್ಮ ಬಾಯಿಂದ ಯಾವತ್ತಾದ್ರೂ ಕೆಲಸ ಹೋಗುತ್ತೆ ಅಂತ ಗೊತ್ತಿತ್ತು. ಇವತ್ತು ಹೋಗೇಬಿಡ್ತು ಅಂತ ತೆಗೆಯಕ್ಕೇ ಬಂದಿದ್ದೆ. ನಿಮ್ಮ ಮುಖ ನೋಡಿ ಅಯ್ಯೋ ಅನ್ನಿಸ್ತು."

ಅವಳು ಹೆಚ್ಚುವುದನ್ನು ನಿಲ್ಲಿಸದೆ ಮಾತು ಮುಂದುವರಿಸಿದಳು: "ಎಲ್ಲ ಮನೆಯಲ್ಲೂ ಎತ್ತಿಡ್ತಾರೆ. ಕೃಷ್ಣಪ್ಪನವರ ಮನೆಯೋರದು ನಲವತ್ತು ರೂಪಾಯಿ, ಪಾಪ, ಕೃಷ್ಣಪ್ಪನವರು ಒಳ್ಳೆಯೋರು, ಅಷ್ಟು ಸಾಕು. ವೆಂಕಟೇಶಯ್ಯನವರ ಮನೆಯೋರದು ಇನ್ನೂರ ಹತ್ತು. ನಾವು ಮೂರೂ ಜನ ಹೋಲಿಸಿ ನೋಡಿದೀವಿ. ಈ ಬೀದಿಗೆಲ್ಲ ನಾನೇ ಜಾಸ್ತಿ ಎತ್ತಿಟ್ಟಿರೋದು."

ಹೆಚ್ಚು ಎತ್ತಿಟ್ಟವರೇ ಗಟ್ಟಿ ಕುಳ ಎಂದು ನನ್ನ ಬಾಯಿಗೆ ಬಂತು. ಜೀವಮಾನದಲ್ಲಿ ಮೊದಲ ಸಲ ನಾನು ಸುಮ್ಮನಿದ್ದೆ.