ಮಾವನವರ ಫ್ಲ್ಯಾಶು

ಆ ಫ್ಲ್ಯಾಶು ಮಾವನವರದ್ದಾಗಿರದಿದ್ದರೆ ಕಿಟಕಿಯಿಂದಾಚೆ ಎಸೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನೆಲಮಾಳಿಗೆ ಸಾಹೇಬರ ಕೋಣೆಗೆ ಕಿಟಕಿಯೇ ಇರಲಿಲ್ಲ. ರಗಳೆಯೆಲ್ಲ ಶುರುವಾದದ್ದೂ ಆ ಇಲ್ಲದ ಕಿಟಕಿಯಿಂದಲೇ.

ನೀರು ಸರಬರಾಜು ಕಚೇರಿಯ ಹಳೆಯ ಕಡತಗಳೆಲ್ಲ ನೆಲಮಾಳಿಗೆಯಲ್ಲಿದ್ದವು. ಅವುಗಳ ಜೊತೆ ಒಂಬತ್ತು ವರ್ಷಗಳಿಂದ ಇವರೂ ಇದ್ದರು, ಕಚೇರಿಯವರು ನೆಲಮಾಳಿಗೆ ಸಾಹೇಬರೆಂದು ಕರೆಯುತ್ತಿದ್ದುದು ಅದಕ್ಕೇ. ಹೊರಗೆ ಬಿಸಿಲೋ ಮಳೆಯೋ ತಿಳಿಯಬೇಕಾದರೆ ಮೇಲಿನಿಂದ ಇಳಿದು ಬಂದವರ ಚಪ್ಪಲಿ ನೋಡಬೇಕಿತ್ತು. ಬೆಳಕಿಲ್ಲವೆಂದು ಮ್ಯಾನೇಜರಿಗೆ ಕೊಟ್ಟ ದೂರುಗಳೂ ಅಲ್ಲೇ ಒಂದು ಕಡತವಾಗಿದ್ದವು. ಹೀಗಿರುವಾಗ ಹೋದ ವಾರ ಮ್ಯಾನೇಜರು ಕರೆಸಿ, ಕೇಂದ್ರ ಕಚೇರಿಯ ನಿರ್ದೇಶಕರು ಬರುತ್ತಿದ್ದಾರೆ, ಸಿಬ್ಬಂದಿಯ ಜೊತೆ ಅವರದೊಂದು ಗ್ರೂಪ್ ಫೋಟೋ ಬೇಕು, ವಾರ್ಷಿಕ ವರದಿಯ ಮುಖಪುಟಕ್ಕೆ ಅದೇ ಹೋಗುತ್ತದೆ, ಹೊಸ ಕ್ಯಾಮೆರಾ ಕೊಂಡಿದ್ದೀರಂತಲ್ಲ ನೀವೇ ತೆಗೆಯಿರಿ ಎಂದರು. ಚೆನ್ನಾಗಿ ಬಂದರೆ ಎರಡನೇ ಮಹಡಿಯ ಪ್ರಚಾರ ವಿಭಾಗದಲ್ಲಿ ಖಾಲಿ ಬಿದ್ದಿರುವ ಮೇಜು ನಿಮ್ಮದೇ ಎಂದೂ ಸೇರಿಸಿದರು. ಆ ಮೇಜಿನ ಎಡಕ್ಕೊಂದು ಬಲಕ್ಕೊಂದು ಕಿಟಕಿ. ಸಾಹೇಬರಿಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಕಚೇರಿಯ ಸಭಾಂಗಣವೋ ಹಾಡುಹಗಲಲ್ಲೇ ಕತ್ತಲೆ. ಕ್ಯಾಮೆರಾದ ನೆತ್ತಿಯ ಪುಟ್ಟ ಫ್ಲ್ಯಾಶಿನ ಬೆಳಕು ನಾಲ್ಕು ಹೆಜ್ಜೆ ದಾಟುವುದರೊಳಗೆ ಸುಸ್ತಾಗುತ್ತಿತ್ತು. ಮನೆಯಲ್ಲಿ ಈ ಮಾತು ಆಡಬಾರದಿತ್ತು, ಆಡಿಬಿಟ್ಟರು. ಮೂವತ್ತು ವರ್ಷ ಸ್ಟುಡಿಯೋ ನಡೆಸಿದ್ದ ಮಾವ ಎದ್ದು ಹೋಗಿ, ಪೆಟ್ಟಿಗೆಯ ತಳದಿಂದ ಇಟ್ಟಿಗೆಯಂಥದ್ದೊಂದನ್ನು ತಂದು ಮುಂದಿಟ್ಟರು.

"ಇದು ಬೆಳಗದೇ ಇರೋ ಮದುವೆ ಮನೆ ಇಲ್ಲ ಅಳಿಯಂದ್ರೆ. ನಿಮ್ಮ ಆಟಿಕೆಗೆ ಇದರ ಒಂದು ಏಟು ಸಾಕು."

ಬೇಡವೆಂದರೆ ಅಪ್ಪ ಒಂದು ವಾರ ಮುಖ ಊದಿಸಿಕೊಂಡಿರುತ್ತಾರೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು.

ಫೋಟೋದ ದಿನ ಬೆಳಿಗ್ಗೆ ಸಾಹೇಬರು ಅದನ್ನು ಕ್ಯಾಮೆರಾ ರಿಪೇರಿಯವನ ಅಂಗಡಿಗೆ ಒಯ್ದರು. ಅವನು ಮೀಟರಿನ ಎರಡು ತಂತಿಗಳನ್ನು ಫ್ಲ್ಯಾಶಿನ ಕಾಲಿಗೆ ಮುಟ್ಟಿಸಿ ಹುಬ್ಬೇರಿಸಿದ.

"ಇದನ್ನ ಕ್ಯಾಮೆರಾ ತಲೆ ಮೇಲೆ ಕೂರಿಸಿದ್ರೋ, ಕ್ಯಾಮೆರಾ ಕತೆ ಮುಗೀತು. ಹಳೇ ಕಾಲದ್ದು ಸಾರ್, ಇನ್ನೂರೈವತ್ತು ವೋಲ್ಟು ಒದೆಯುತ್ತೆ. ಹೊಸ ಕ್ಯಾಮೆರಾಗಳ ಜೀವ ಸೂಕ್ಷ್ಮ."

ಹಾಗಾದರೆ ಏನು ಗತಿ ಎಂದಾಗ ಅವನು ಹೆಬ್ಬೆರಳಷ್ಟಿದ್ದ ಒಂದು ಗಾಜಿನ ಕಣ್ಣನ್ನು ಫ್ಲ್ಯಾಶಿನ ಬುಡಕ್ಕೆ ಸಿಕ್ಕಿಸಿದ. ಇನ್ನು ಇವೆರಡೂ ಒಂದನ್ನೊಂದು ಮುಟ್ಟುವ ಹಾಗೇ ಇಲ್ಲ. ಕ್ಯಾಮೆರಾದ ಪುಟ್ಟ ಫ್ಲ್ಯಾಶು ಮಿನುಗಿದ್ದನ್ನು ಈ ಕಣ್ಣು ದೂರದಿಂದ ನೋಡುತ್ತದೆ, ನೋಡಿದ ತಕ್ಷಣ ದೊಡ್ಡದನ್ನು ಹೊಡೆಸುತ್ತದೆ ಎಂದ. ಅಂಗಡಿಯಲ್ಲೇ ಒಂದು ಸಲ ಕ್ಲಿಕ್ಕಿಸಿ ನೋಡಿದರು. ಫ್ಲ್ಯಾಶು ಸಿಡಿಲಿನಂತೆ ಹೊಡೆಯಿತು. ಆ ಸಂತೋಷದಲ್ಲಿ ಫೋಟೋ ಹೇಗೆ ಬಂದಿದೆಯೆಂದು ನೋಡಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸಭಾಂಗಣದಲ್ಲಿ ನಲವತ್ತೆರಡು ಮಂದಿ ಮೂರು ಸಾಲಾಗಿ ನಿಂತರು. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ನಿರ್ದೇಶಕರು. ಅವರಿಗೆ ನಾಲ್ಕು ಗಂಟೆಯ ರೈಲು, ಅದನ್ನು ಅವರು ಬಂದಾಗಿನಿಂದ ಐದು ಸಲ ಹೇಳಿದ್ದರು. ಫ್ಲ್ಯಾಶನ್ನು ಬೀರುವಿನ ಮೇಲಿಟ್ಟು, ಅದು ಕುಂಯ್ ಎಂದು ಎಳೆದೆಳೆದು ಹಾಡಿ ಕೆಂಪು ದೀಪ ಹೊತ್ತಿಸಿದ ಮೇಲೆ ಸಾಹೇಬರು ಕ್ಲಿಕ್ಕಿಸಿದರು. ಇಡೀ ಸಭಾಂಗಣ ಬೆಳ್ಳಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಕಗ್ಗತ್ತಲೆ. ಕತ್ತಲೆಯ ನಡುವೆ ನಿರ್ದೇಶಕರ ಕನ್ನಡಕ ಮಾತ್ರ ಕಾಣುತ್ತಿತ್ತು.

"ಇನ್ನೊಂದು ತೆಗೀತೀನಿ ಸಾರ್," ಎಂದರು. ಮತ್ತೆ ಕುಂಯ್, ಮತ್ತೆ ಸಿಡಿಲು, ಮತ್ತೆ ಕತ್ತಲೆ. ಮೂರನೆಯದಕ್ಕೂ ಅದೇ ಗತಿ. ಅಷ್ಟೊಂದು ಬೆಳಕು ಬಿದ್ದದ್ದನ್ನು ನಲವತ್ತೆರಡು ಮಂದಿ ಕಣ್ಣಾರೆ ಕಂಡಿದ್ದರು, ಕ್ಯಾಮೆರಾ ಒಂದೇ ಕಂಡಿರಲಿಲ್ಲ. ಸಾಹೇಬರಿಗೆ ಅಳು ಬರುವುದೊಂದು ಬಾಕಿ.

ಇಂಥ ಹೊತ್ತಿನಲ್ಲಿ ಸಲಹೆಗೆ ಬರವೇ. ಉಗ್ರಾಣದ ಮೇಲ್ವಿಚಾರಕ ಸಾಲು ಬಿಟ್ಟು ಬಂದು ಲೆನ್ಸಿನ ಮುಚ್ಚಳ ತೆಗೆದಿದ್ದೀರಾ ಎಂದು ವಿಚಾರಿಸಿದ. ತೆಗೆದಿದ್ದರು. ಆದರೂ ಅವನು ಬಗ್ಗಿ ಪರೀಕ್ಷಿಸಿ, ಗಾಜಿನ ಮೇಲೆ ಹೆಬ್ಬೆರಳಿನ ಗುರುತು ಉಳಿಸಿ, ಫ್ಲ್ಯಾಶನ್ನು ಚಾವಣಿಯ ಕಡೆ ತಿರುಗಿಸಿ ಹೋಗಿ ನಿಂತುಕೊಂಡ. ಇನ್ನೊಬ್ಬರು ಬ್ಯಾಟರಿ ಉಜ್ಜಿ ಹಾಕಿ ಎಂದರು. ಸಾಹೇಬರು ಗಾಜು ಒರೆಸಿ, ಫ್ಲ್ಯಾಶನ್ನು ಮೊದಲಿದ್ದ ಕಡೆ ತಿರುಗಿಸಿ, ಮೂಲೆಗೆ ಹೋಗಿ ರಿಪೇರಿಯವನಿಗೆ ಫೋನು ಹಚ್ಚಿದರು.

ಅವನು ಎಲ್ಲ ಕೇಳಿಸಿಕೊಂಡು, "ಅಯ್ಯೋ, ಹೌದಲ್ಲ ಸಾರ್," ಎಂದ. "ಹೊಸ ಕ್ಯಾಮೆರಾ ಎರಡು ಸಲ ಮಿನುಗುತ್ತೆ. ಮೊದಲನೇದು ಬೆಳಕು ಎಷ್ಟಿದೆ ಅಂತ ಅಳೆಯೋಕೆ. ನಿಮ್ಮ ಮುದುಕಪ್ಪ ಫ್ಲ್ಯಾಶು ಅದನ್ನೇ ಅಪ್ಪಣೆ ಅಂತ ತಿಳ್ಕೊಂಡು ಇರೋದೆಲ್ಲ ಸುರಿದುಬಿಡ್ತಾನೆ. ಬೇಕಾದಷ್ಟು ಬೆಳಕಿದೆ ಅಂತ ಕ್ಯಾಮೆರಾ ತನ್ನದನ್ನೂ ತಗ್ಗಿಸುತ್ತೆ. ನಿಜವಾಗಿ ಫೋಟೋ ತೆಗೆಯೋ ಹೊತ್ತಿಗೆ ಇಬ್ಬರ ಕೈಯೂ ಖಾಲಿ. ಮೆನುವಿನಲ್ಲಿ ಎಲ್ಲೋ ಒಂದು ಕಡೆ ಅದನ್ನ ಒಂದೇ ಸಲ ಮಿನುಗೋ ಹಾಗೆ ಮಾಡ್ಬೋದು, ಹುಡುಕಿ."

ಮೆನುವಿಗೆ ಹದಿನೇಳು ಪುಟ. ಸಾಹೇಬರು ಒಂದೊಂದೇ ಪುಟ ತಿರುವಿದರು. ಏಳನೆಯ ಪುಟದ ಹೊತ್ತಿಗೆ ಕ್ಯಾಮೆರಾ ಬೇರೆ ಯಾವುದೋ ಭಾಷೆಗೆ ತಿರುಗಿತು. ಅದನ್ನು ಸರಿಪಡಿಸುವಾಗ ಅತ್ತ ನಿರ್ದೇಶಕರು ಗಡಿಯಾರ ನೋಡಿಕೊಂಡರು, ಮ್ಯಾನೇಜರು ಹಲ್ಲು ಕಡಿದರು.

ಹಿಂದಿನ ಸಾಲಿನಲ್ಲಿದ್ದ ಟೈಪಿಸ್ಟ್ ಅಕ್ಕ ಆಗ ಕೈಚೀಲದಿಂದ ಸೋಪಿನ ಡಬ್ಬಿಯಂಥದ್ದೊಂದನ್ನು ತೆಗೆದರು. ಮಗಳದ್ದು, ತೆಗೆದ ಕೂಡಲೇ ಫೋಟೋವನ್ನು ಹೊಟ್ಟೆಯಿಂದ ಹೊರಗೆ ಹಾಕುವ ಜಾತಿಯ ಕ್ಯಾಮೆರಾ. ಹೇಗೂ ಎಲ್ಲರೂ ನಿಂತಿದ್ದೀರಿ, ಮಗಳಿಗೆ ತೋರಿಸಲು ನನಗೊಂದಿರಲಿ ಎನ್ನುತ್ತ ಸಾಲಿನಿಂದ ಹೊರಬಂದು ಒತ್ತಿದರು. ಪಾಪದ ಡಬ್ಬಿ, ಅದಕ್ಕೆ ಅಳತೆ ಗಿಳತೆ ಗೊತ್ತಿಲ್ಲ, ಒಂದೇ ಸಲ ಮಿನುಗಿತು. ಬೀರುವಿನ ಮೇಲಿನ ಗಾಜಿನ ಕಣ್ಣು ಅದನ್ನು ಕಂಡಿತು. ಸಿಡಿಲು ಹೊಡೆಯಿತು.

"ಅದು ನನ್ನ ಫ್ಲ್ಯಾಶು," ಎಂದರು ಸಾಹೇಬರು, ತಲೆ ಎತ್ತದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿರ್ದೇಶಕರು ಎದ್ದರು, ಅವರ ಹಿಂದೆ ಎಲ್ಲರೂ ಬೀಳ್ಕೊಡಲು ಮೆಟ್ಟಿಲಿಳಿದು ಹೋದರು.

ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳುವುದಕ್ಕೂ ಹದಿನಾಲ್ಕನೆಯ ಪುಟದಲ್ಲಿ ಬೇಕಾದದ್ದು ಸಿಗುವುದಕ್ಕೂ ಸರಿಹೋಯಿತು. ಸಾಹೇಬರು ಕ್ಲಿಕ್ಕಿಸಿದರು. ಎಂಥ ಫೋಟೋ! ಕುರ್ಚಿಗಳ ಕಾಲಿನ ಗೀರೂ ಕಾಣುವಷ್ಟು ಬೆಳಕು. ಎಲ್ಲ ಕುರ್ಚಿಗಳೂ ಖಾಲಿ.

ಎಲ್ಲರೂ ಮರಳಿದಾಗ ಡಬ್ಬಿ ಹೊರಹಾಕಿ ಟೈಪಿಸ್ಟ್ ಅಕ್ಕನ ಕೈಯಲ್ಲಿದ್ದ ಪುಟ್ಟ ಫೋಟೋ ಚೌಕದಲ್ಲಿ ಮುಖಗಳು ಒಂದೊಂದಾಗಿ ಮೂಡಿದ್ದವು. ನಿರ್ದೇಶಕರ ನಗು, ಹಿಂದಿನ ಸಾಲಿನವರ ಗುಂಡಿಗಳು, ಎಲ್ಲ ಸ್ಪಷ್ಟ. ಮ್ಯಾನೇಜರು ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಮುಖಪುಟಕ್ಕೆ ಇದೇ ಇರಲಿ, ನಾಳೆಯಿಂದ ಎರಡನೇ ಮಹಡಿಗೆ ಬನ್ನಿ ಎಂದು ಅಕ್ಕನಿಗೆ ಹೇಳಿಯೇಬಿಟ್ಟರು. ಆ ಬೆಳಕು ಯಾರದೆಂದು ಸಾಹೇಬರು ವಿವರಿಸಲು ಹೋದರು. ಮಿನುಗುವುದು, ಅಳೆಯುವುದು ಎಂದೆಲ್ಲ ಅವರು ತಡವರಿಸುವಾಗ ಉಗ್ರಾಣದವನು ಪಕ್ಕದವನ ಕಡೆ ನೋಡಿ ನಕ್ಕ.

ಆದರೆ ಆ ಚೌಕ ಅಂಗೈಗಿಂತ ಚಿಕ್ಕದು, ಮುದ್ರಣಾಲಯಕ್ಕೆ ಬೇಕಾದದ್ದು ದೊಡ್ಡ ಪ್ರತಿ. ಮ್ಯಾನೇಜರು ಯೋಚಿಸಿ ಸಾಹೇಬರತ್ತ ತಿರುಗಿದರು. ನಿಮ್ಮ ಕ್ಯಾಮೆರಾ ಒಳ್ಳೆಯದಂತಲ್ಲ, ಈ ಫೋಟೋದ ಒಂದು ಫೋಟೋ ತೆಗೆದುಕೊಡಿ ಎಂದರು.

ಸಾಹೇಬರು ಚೌಕವನ್ನು ಮೇಜಿನ ಮೇಲಿಟ್ಟರು. ಮಾವನವರ ಫ್ಲ್ಯಾಶಿನ ಬೆಳಕು ತಗ್ಗಿಸಿ, ಅದನ್ನು ಓರೆಯಾಗಿ ಪಕ್ಕದಲ್ಲಿ ನಿಲ್ಲಿಸಿ ಒಮ್ಮೆ ಕ್ಲಿಕ್ಕಿಸಿದರು. ಈ ಸಲ ಹಳೆಯದೂ ಹೊಸದೂ ಅಣ್ಣತಮ್ಮಂದಿರಂತೆ ಕೂಡಿ ಕೆಲಸ ಮಾಡಿದವು. ಪ್ರತಿ ಮೂಲಕ್ಕಿಂತ ಚೆನ್ನಾಗಿ ಬಂತು. ಮ್ಯಾನೇಜರು ಪರದೆಯನ್ನು ನೋಡಿದವರು ನೋಡುತ್ತಲೇ ಇದ್ದರು, ಅವರ ಮುಖ ಅರಳಿತು. ಸಾಹೇಬರ ಎದೆಯಲ್ಲಿ ಎರಡು ಕಿಟಕಿಗಳು ಮತ್ತೆ ತೆರೆದುಕೊಂಡವು.

"ನಿಮ್ಮಲ್ಲಿ ಇಂಥ ಕೈ ಇದೆ ಅಂತ ಗೊತ್ತೇ ಇರಲಿಲ್ಲ ನೋಡಿ," ಎಂದರು ಮ್ಯಾನೇಜರು ಬೆನ್ನು ತಟ್ಟಿ. "ನಿಮ್ಮನ್ನ ಈಗ ಎಲ್ಲಿಗೂ ಕಳಿಸೋ ಹಾಗಿಲ್ಲ. ನೆಲಮಾಳಿಗೆಯಲ್ಲಿ ಅರವತ್ತು ವರ್ಷದ ಹಳೇ ನಕ್ಷೆಗಳಿವೆಯಲ್ಲ, ಅಷ್ಟಕ್ಕೂ ಹೀಗೇ ಒಂದೊಂದು ಪ್ರತಿ ತೆಗೆದುಬಿಡಿ. ಅಲ್ಲಿ ಬೆಳಕಿಲ್ಲ ಅನ್ನೋ ನಿಮ್ಮ ದೂರೂ ತೀರಿತು, ಫ್ಲ್ಯಾಶು ಹೇಗೂ ಇದೆ."