ಕೊಬ್ಬರಿ ಅಟ್ಟದಲ್ಲಿ ರಾಕ್ ಧ್ವನಿಮುದ್ರಣ

ನಮ್ಮ ಬಿಳಿಗೆರೆಯಲ್ಲಿ ತೆಂಗು ಬೆಳೆಯುವವರು ಮನೆಮನೆಗೂ ಇದ್ದಾರೆ. ರಾಕ್ ಗಿಟಾರ್ ನುಡಿಸುತ್ತಾ, ತಾನೇ ಹಾಡು ಕಟ್ಟಿ ತಾನೇ ಹಾಡುವ ಸ್ವತಂತ್ರ ಕಲಾವಿದ ಮಾತ್ರ ನಾನೊಬ್ಬನೇ. ಸ್ವತಂತ್ರ ಎಂದರೆ, ಇದುವರೆಗೆ ಯಾರೂ ಕರೆದಿಲ್ಲ ಎಂದರ್ಥ.

ಹೀಗಿರಲು, ಬೆಂಗಳೂರಿನ ರಾಕ್ ಉತ್ಸವವೊಂದರವರು ಹೊಸಬರಿಂದ ಹಾಡು ಆಹ್ವಾನಿಸಿದರು. ಮೆಚ್ಚಿದರೆ ವೇದಿಕೆ! ಆಯ್ಕೆಯ ಬಗ್ಗೆ ನನಗೆ ಲವಲೇಶವೂ ಸಂಶಯವಿರಲಿಲ್ಲ. ಧ್ವನಿಮುದ್ರಣಕ್ಕೆ ಪ್ರತಿಧ್ವನಿಯಿಲ್ಲದ ಒಂದು ಜಾಗ ಸಿಕ್ಕರೆ ಸಾಕಿತ್ತು. ಅದಕ್ಕೆ ನಮ್ಮ ಕೊಬ್ಬರಿ ಅಟ್ಟಕ್ಕಿಂತ ಪ್ರಶಸ್ತವಾದ ಸ್ಥಳ ಭೂಮಂಡಲದಲ್ಲೇ ಇಲ್ಲ! ಸಿಪ್ಪೆ ಸಮೇತ ರಾಶಿ ಹಾಕಿದ ಕಾಯಿ ವರ್ಷದಿಂದ ಕತ್ತಲಲ್ಲಿ ಒಣಗುತ್ತಾ ಕೂತಿತ್ತು. ನಾರು ಸದ್ದನ್ನು ನುಂಗುತ್ತದೆ. ವಿಜ್ಞಾನ!

"ರೀ, ಅಲ್ಲಿ ಇಲಿ ಅವೆ," ಎಂದಳು ಹೆಂಡತಿ ಗಿರಿಜಾ.

"ಶ್ರೋತೃಗಳು ಯಾರಾದರೇನು ಕಣೇ?" ಎಂದು ಗಿಟಾರ್ ಸಮೇತ ಏಣಿ ಹತ್ತಿದೆ.

ಕಾಲು ಅಪ್ಪಳಿಸದೆ ರಾಕ್ ಹಾಡುವುದು ಶಾಸ್ತ್ರವಿರುದ್ಧ. ಪಲ್ಲವಿಗೇ ಅಪ್ಪಳಿಸಿದೆ. ಅಡಿಕೆ ದಬ್ಬೆ ಹಾಸಿದ ಅಟ್ಟ ಅದುರಿತು. ರಾಶಿಯೊಳಗಿಂದ ಗಡಗಡ, ಗುಡುಗುಡು! ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಉರುಳಾಡುವ ಸದ್ದು.

ಕೆಳಗಿಂದ ಗಿರಿಜಾ ಕೂಗಿದಳು: "ರೀ, ಕೊಬ್ಬರಿ ಆಗೈತೆ ಕಣ್ರೀ! ತಡೀರಿ, ಶಿವಣ್ಣಮಾವನ್ನ ಕರೀತೀನಿ!"

ಪಕ್ಕದ ಮನೆಯ ಶಿವಣ್ಣಮಾವ ಕೊಬ್ಬರಿ ವ್ಯಾಪಾರಿ. ನಾನು ಚರಣಕ್ಕೆ ಬರುವಷ್ಟರಲ್ಲಿ ಅವರು ಅಟ್ಟಕ್ಕೆ ಬಂದರು. ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸತೊಡಗಿದರು.

"ಮಾವ, ರೆಕಾರ್ಡಿಂಗ್ ನಡೀತಾ ಐತೆ!"

"ನಡೀಲಿ ಬುಡಪ್ಪ, ನಾನೇನು ಬಾಯಿ ಬಿಟ್ನಾ? ಈ ಮೂಲೇಲಿ ಇನ್ನೊಂದ್ಸಲ ಕುಣಿ. ಇವು ಕೊಬ್ಬರಿ ಆಗವೆಯೋ ಇಲ್ವೋ ಗೊತ್ತಾಯ್ತದೆ."

ಕುಣಿದೆ. ಹಾಡು ಕಳಿಸಲು ಅಂದೇ ಕೊನೆಯ ದಿನ. ಮತ್ತೊಮ್ಮೆ ಹಾಡಲು ಗಂಟಲು ಒಪ್ಪಲಿಲ್ಲ. ನಿಜವಾದ ಪ್ರತಿಭೆಯನ್ನು ಗಡಗಡ ಸದ್ದು ಮುಚ್ಚೀತೇ? ಹಾಗೆಯೇ ಕಳಿಸಿದೆ.

ಕೆಲವು ದಿನಗಳ ಮೇಲೆ ಉತ್ಸವದವರ ಫೋನ್ ಬಂತು. ನನ್ನ ಕೀರ್ತಿ ಗಿರಿಜಾಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಸಾರ್, ಗಿಟಾರ್ ನುಡಿಸೋರು, ಹಾಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದ್ರೆ ನಿಮ್ಮ ತಾಳವಾದ್ಯದೋರು ಅದ್ಭುತ! ಅವರನ್ನ ಮಾತ್ರ ಕಳಿಸ್ತೀರಾ?"

ಗಿರಿಜಾ ನಡುವೆ ಬಾಯಿ ಹಾಕಿದಳು: "ಎಲ್ಲಿಂದ ಕಳ್ಸೋದಪ್ಪ? ಸುಲಿಸಿ, ಒಡೆಸಿ, ನಿನ್ನೇನೇ ತಿಪಟೂರು ಮಂಡಿಗೆ ಹಾಕ್ಸಿಬುಟ್ವಿ!"

ಆ ಕಡೆಯವರು ಗಾಬರಿಯಿಂದ ಫೋನ್ ಇಟ್ಟರು.

ಅಂತೂ ವಾದ್ಯವೃಂದವೆಲ್ಲ ಒಳ್ಳೆಯ ಬೆಲೆಗೆ ಹೋಯಿತು. ಗಿರಾಕಿ ಸಿಗದೆ ಮನೆಯಲ್ಲಿ ಉಳಿದದ್ದು ಗಾಯಕ ಮಾತ್ರ!