ತಕ್ಕಡಿಗೆ ಒಂದು ತೊಟ್ಟು ಎಣ್ಣೆ

ಎಲ್ಲ ರಗಳೆಗೂ ಮೂಲ ಒಂದು ತೊಟ್ಟು ಎಣ್ಣೆ. ಆ ತೊಟ್ಟು ತಕ್ಕಡಿಗೆ ಬೇಕೇ ಬೇಕು ಎಂಬುದು ಇಡೀ ಬೀದಿಯ ಅಭಿಪ್ರಾಯ. ಬೇಡವೇ ಬೇಡ ಎಂಬುದು ಮುಳ್ಳಪ್ಪನೊಬ್ಬನ ಹಟ.

ಮುಳ್ಳಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತ ಅದರ ಮುಳ್ಳನ್ನೇ ದಿಟ್ಟಿಸಿಕೊಂಡು ಕೂತವನಿಗೆ ಬೀದಿಯವರು ಕೊಟ್ಟ ಬಿರುದು ಅದು. ಆಡುವ ಮಾತೂ ಚುಚ್ಚುತ್ತದೆ ಎಂಬ ಇನ್ನೊಂದು ಕಾರಣವಿತ್ತು. ಅದನ್ನು ಯಾರೂ ಅವನ ಎದುರಿಗೆ ಹೇಳುತ್ತಿರಲಿಲ್ಲ.

ಇಷ್ಟು ವರ್ಷ ಅವನು ದುಡಿದದ್ದು ಗುರುವಿನ ಲೈಸೆನ್ಸಿನ ನೆರಳಲ್ಲಿ. ಗುರು ತೀರಿಕೊಂಡರು, ಲೈಸೆನ್ಸೂ ಅವರ ಹಿಂದೆಯೇ ಹೋಯಿತು. ಈಗ ಮುಳ್ಳಪ್ಪ ತನ್ನ ಹೆಸರಿಗೇ ಅರ್ಜಿ ಹಾಕಿ, ಫೋಟೋ ಅಂಟಿಸಿ ಕಳಿಸಿದ್ದ. ಇವತ್ತು ಮಧ್ಯಾಹ್ನ ಮೂರಕ್ಕೆ ತೂಕ ಮತ್ತು ಅಳತೆ ಇಲಾಖೆಯ ಅಧಿಕಾರಿ ಅಂಗಡಿಗೇ ಬರುವವರಿದ್ದರು. ಔಷಧಿ ತೂಗುವ ಹಳೇ ತಕ್ಕಡಿಯೊಂದನ್ನು ರಿಪೇರಿ ಮಾಡಿ ತೋರಿಸಬೇಕು. ತಟ್ಟೆಗೆ ಒಂದೇ ಒಂದು ಅಕ್ಕಿಕಾಳು ಹಾಕಿದರೆ ಮುಳ್ಳು ಕದಲಬೇಕು. ಕದಲದಿದ್ದರೆ ಅಧಿಕಾರಿಯ ಸವಾರಿ ಮತ್ತೆ ಈ ಕಡೆ ಬರುವುದು ಎರಡು ವರ್ಷಕ್ಕೆ. ಅಲ್ಲಿಯವರೆಗೆ ಅಂಗಡಿಗೆ ಬೀಗ ಜಡಿದು ಹೆಂಡತಿಯ ಅಣ್ಣನ ಹಿಟ್ಟಿನ ಗಿರಣಿಯಲ್ಲಿ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು, ಆ ಮಹಾಶಯನ ಮುಂದೆ ಕೈಕಟ್ಟಿ ನಿಲ್ಲಬೇಕು. ಇದನ್ನು ನೆನೆದೇ ಮುಳ್ಳಪ್ಪ ರಾತ್ರಿಯೆಲ್ಲ ರೆಪ್ಪೆ ಮುಚ್ಚಿರಲಿಲ್ಲ.

ಬೆಳಿಗ್ಗೆ ಅವನ ಕೆಂಪು ಕಣ್ಣು ನೋಡಿದ ಹೆಂಡತಿ, ಅಧಿಕಾರಿಯ ಮೇಲೂ ರೇಗಿಬಿಟ್ಟರೆ ಗತಿಯೇನು ಎಂದು ಹೆದರಿ, ಹಿಂದಿನಿಂದ ಬಂದು ಅಂಗೈ ತುಂಬ ಎಣ್ಣೆಯನ್ನು ನೆತ್ತಿಗೆ ತಟ್ಟಿಯೇಬಿಟ್ಟಳು. ಎಣ್ಣೆ ಹಚ್ಚಿಸಿಕೊಳ್ಳುವುದೆಂದರೆ ಅವನಿಗೆ ಆಗದು. ಆದರೆ ಜಗಳವಾಡಲು ಹೊತ್ತಿರಲಿಲ್ಲ. ಗೊಣಗುತ್ತಲೇ ಅಂಗಡಿಗೆ ಬಂದ.

ಅವನ ಅಂಗಡಿಯ ಎಡಕ್ಕೆ ದರ್ಜಿ, ಬಲಕ್ಕೆ ಸೈಕಲ್ ರಿಪೇರಿಯವನು, ಎದುರಿಗೆ ಸೆಲೂನಿನವನು. ಮೂವರೂ ಒಳ್ಳೆಯವರೇ. ಕೇಳದೆಯೇ ಸಲಹೆ ಕೊಡುವುದೊಂದು ಕಾಯಿಲೆ ಬಿಟ್ಟರೆ ಅವರಲ್ಲಿ ಬೇರೆ ದೋಷವಿರಲಿಲ್ಲ. ಒಂದು ವಾರದಿಂದ ಆ ಹಳೇ ತಕ್ಕಡಿಯನ್ನು ನೋಡಿದಾಗಲೆಲ್ಲ, ತಿರುಗುವ ಜಾಗಕ್ಕೆ ಒಂದು ತೊಟ್ಟು ಎಣ್ಣೆ ಬಿಡು ಎಂದು ಒಬ್ಬರಾದ ಮೇಲೊಬ್ಬರು ತಲೆ ತಿನ್ನುತ್ತಿದ್ದರು. ಅದು ತಿರುಗುವುದೇ ಇಲ್ಲ ಎಂದು ಮುಳ್ಳಪ್ಪ ಗಂಟಲು ಹರಿದುಕೊಂಡು ವಿವರಿಸುತ್ತಿದ್ದ. ತಟ್ಟೆಗಳು ತೂಗುವ ದಂಡಿಗೆಯ ನಡುವೆ ಚಾಕುವಿನಂಥ ಸಣ್ಣ ಉಕ್ಕಿನ ಅಂಚಿದೆ. ಅದು ನುಣುಪು ಕಲ್ಲಿನ ಮೇಲೆ ಒಂದು ಗೆರೆಯಷ್ಟೇ ತಾಗಿಕೊಂಡು ನಿಂತಿರುತ್ತದೆ. ತಾಗುವುದು ಎಷ್ಟು ಕಡಿಮೆಯೋ ತಿಕ್ಕಾಟ ಅಷ್ಟು ಕಡಿಮೆ. ಎಣ್ಣೆ ಬಿಟ್ಟರೆ ಬೀದಿಯ ಧೂಳೆಲ್ಲ ಅಲ್ಲಿಗೇ ಬಂದು ಅಂಟುತ್ತದೆ, ಮುಳ್ಳು ಮುನಿಸಿಕೊಂಡ ಮಗುವಿನ ಹಾಗೆ ನಿಂತಲ್ಲೇ ನಿಲ್ಲುತ್ತದೆ. ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ದರ್ಜಿ ಹೇಳುತ್ತಿದ್ದುದು ಒಂದೇ ಮಾತು: "ಅದೆಲ್ಲ ಸರಿ ಮಾರಾಯ, ಒಂದೇ ಒಂದು ತೊಟ್ಟು ಬಿಟ್ಟು ನೋಡು."

ತಕ್ಕಡಿಯೇನೋ ನಿನ್ನೆಯೇ ಸಿದ್ಧವಾಗಿತ್ತು. ಆದರೂ ಮನಸ್ಸು ತಡೆಯದೆ ಮುಳ್ಳಪ್ಪ ದಂಡಿಗೆಯನ್ನು ಇನ್ನೊಮ್ಮೆ ಇಳಿಸಿ, ಅಂಚನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಆಮೇಲೆ ಗುರು ಕಲಿಸಿದ ಕಡೆಯ ಪರೀಕ್ಷೆ. ಅಂಚನ್ನು ತಲೆಗೂದಲಿನ ಮೇಲೆ ಮೆಲ್ಲಗೆ ಎಳೆಯಬೇಕು. ಎಲ್ಲಾದರೂ ತೊಡಕಿದರೆ ಕಣ್ಣಿಗೆ ಕಾಣದ ಮುಕ್ಕು ಇದೆ ಎಂದರ್ಥ. ಎಲ್ಲೂ ತೊಡಕಲಿಲ್ಲ, ಜಾರಿಕೊಂಡು ಹೋಯಿತು. ದಂಡಿಗೆಯನ್ನು ಮತ್ತೆ ಕೂರಿಸಿ, ಸಮಾಧಾನದಿಂದ ಒಂದು ಲೋಟ ಚಹಾ ಕುಡಿದು ಬಂದ.

ಬಂದು ನೋಡಿದರೆ ದರ್ಜಿ ಅಂಗಡಿಯೊಳಗೆ ನಿಂತು ಅರದ ಮೇಲೆ ತನ್ನ ಕತ್ತರಿ ಮಸೆದುಕೊಳ್ಳುತ್ತಿದ್ದ. ಮುಳ್ಳಪ್ಪ ತಟ್ಟೆಗೆ ಒಂದು ಅಕ್ಕಿಕಾಳು ಹಾಕಿದ. ಮುಳ್ಳು ಕದಲಲಿಲ್ಲ. ನಾಲ್ಕು ಹಾಕಿದ. ಮುಳ್ಳಿಗೆ ಅದರ ಪರಿವೆಯೇ ಇಲ್ಲ. ದಂಡಿಗೆ ಎತ್ತಿ ಅಂಚಿಗೆ ಬೆರಳು ಸವರಿದರೆ ಎಣ್ಣೆ.

ಮುಳ್ಳಪ್ಪನ ಮೈ ಉರಿದುಹೋಯಿತು. ವಾರದಿಂದ ಹೇಳಿ ಹೇಳಿ ಕಡೆಗೂ ಕೈಚಳಕ ತೋರಿಸಿಯೇಬಿಟ್ಟೆಯಲ್ಲ ಎಂದು ದರ್ಜಿಯ ಮೇಲೆ ಹರಿಹಾಯ್ದ. ದರ್ಜಿ ಮೊದಲು ನಕ್ಕ, ಆಮೇಲೆ ಆಣೆ ಮಾಡಿದ, ಕಡೆಗೆ ಮುಖ ಊದಿಸಿಕೊಂಡ. "ನಮ್ಮ ಮಿಷನ್ ಎಣ್ಣೆ ನೀರಿನ ಹಾಗಿರುತ್ತೆ, ವಾಸನೆ ನೋಡಿ ಆಮೇಲೆ ಮಾತಾಡು," ಎಂದ. ಬೆಳಿಗ್ಗೆಯಿಂದ ಸ್ಪಿರಿಟ್ಟು ಮೂಸಿ ಮುಳ್ಳಪ್ಪನ ಮೂಗು ಸತ್ತೇಹೋಗಿತ್ತು. ವಾಸನೆಯಂತೆ ವಾಸನೆ ಎಂದು ದರ್ಜಿಯನ್ನು ಕತ್ತರಿ ಸಮೇತ ಹೊರಗೆ ಅಟ್ಟಿದ.

ಮತ್ತೆ ಇಳಿಸಿದ, ಒರೆಸಿದ, ಗುರುವಿನ ಕ್ರಮ ಒಂದನ್ನೂ ಬಿಡದೆ ಮಾಡಿ ಮುಗಿಸಿದ. ಅಷ್ಟರಲ್ಲಿ ಸ್ಪಿರಿಟ್ಟು ಮುಗಿದಿತ್ತು. ಐದು ನಿಮಿಷ ನೋಡ್ಕೋ, ಯಾರೂ ತಕ್ಕಡಿ ಮುಟ್ಟದ ಹಾಗೆ ಕಾಯಿ ಎಂದು ಸೈಕಲ್‌ನವನಿಗೆ ಹೇಳಿ ಔಷಧಿ ಅಂಗಡಿಗೆ ಓಡಿದ. ತಿರುಗಿ ಬಂದಾಗ ಸೈಕಲ್‌ನವನು ಬಾಗಿಲಲ್ಲೇ ಪಹರೆಯವನಂತೆ ನಿಂತಿದ್ದ. ತಟ್ಟೆಗೆ ಅಕ್ಕಿಕಾಳು ಹಾಕಿದರೆ ಮುಳ್ಳು ಗೂಟ ಹೊಡೆದ ಹಾಗೆ ನಿಂತಿತು. ಅಂಚಿನಲ್ಲಿ ಮತ್ತೆ ಎಣ್ಣೆ.

"ಯಾರೂ ಒಳಗೆ ಬಂದಿಲ್ಲ ಮುಳ್ಳಪ್ಪಣ್ಣ," ಎಂದ ಸೈಕಲ್‌ನವನು.

"ಯಾರೂ ಬಂದಿಲ್ಲ ಅಂದ್ರೆ ನೀನೇ ಬಿಟ್ಟಿದ್ದು ಅಂತಾಯ್ತಲ್ಲ."

ಸೈಕಲ್‌ನವನು ಎರಡೂ ಕೈ ಮುಂದೆ ಚಾಚಿದ. ಮೊಣಕೈವರೆಗೂ ಕಪ್ಪು ಗ್ರೀಸು. ತಾನು ಮುಟ್ಟಿದ್ದರೆ ತಕ್ಕಡಿಯೇ ಕಪ್ಪಗಾಗುತ್ತಿತ್ತು ಎಂಬುದು ಅವನ ವಾದ. ವಾದ ಕೇಳುವ ಸ್ಥಿತಿಯಲ್ಲಿ ಮುಳ್ಳಪ್ಪನಿರಲಿಲ್ಲ. ಗಲಾಟೆ ಕೇಳಿ ದರ್ಜಿ ಬಂದ, ಮುಖಕ್ಕೆ ಅರ್ಧ ಸೋಪು ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಸೆಲೂನಿನವನೂ ಬಂದ. ಒಂದು ತೊಟ್ಟಿಗೆ ಇಷ್ಟೊಂದು ರಂಪವೇ ಎಂದು ಅವನು ಕೇಳಿದ್ದೇ ತಪ್ಪಾಯಿತು.

"ನೀವು ಮೂವರೂ ಸೇರ್ಕೊಂಡೇ ಇದನ್ನ ಮಾಡ್ತಿದ್ದೀರ," ಎಂದ ಮುಳ್ಳಪ್ಪ. "ಇವತ್ತಿನಿಂದ ನಿಮಗೂ ನನಗೂ ಗುರುತೇ ಇಲ್ಲ ಅಂದ್ಕೊಳ್ಳಿ. ಈ ಅಂಗಡೀಲಿ ಯಾರಿದ್ದಾರೆ ಅಂತ ಯಾರಾದ್ರೂ ಕೇಳಿದ್ರೆ, ಗೊತ್ತಿಲ್ಲ ಅನ್ನಿ. ಅಷ್ಟು ಉಪಕಾರ ಮಾಡಿದ್ರೆ ಸಾಕು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಗಲಿ ಎಂದು ಹೊರಟುಹೋದರು. ಮುಳ್ಳಪ್ಪ ಬಾಗಿಲೆಳೆದು ಒಳಗಿನಿಂದ ಚಿಲಕ ಹಾಕಿಕೊಂಡ. ಗಾಳಿಗೆ ತಕ್ಕಡಿ ಅಲುಗೀತೆಂದು ಫ್ಯಾನೂ ಆರಿಸಿದ. ಒಳಗೆ ಒಲೆಯ ಮೇಲೆ ಕೂತಂಥ ಸೆಕೆ. ಮೂರನೆಯ ಸಲ ಎಲ್ಲವನ್ನೂ ಮೊದಲಿನಿಂದ ಮಾಡತೊಡಗಿದ.

ಒಂದೂವರೆಗೆ ಹೆಂಡತಿ ಬುತ್ತಿ ತಂದು ಬಾಗಿಲು ಬಡಿದಳು. ಬೆವರಿನಲ್ಲಿ ತೊಯ್ದು ಹೋಗಿದ್ದ ಗಂಡನ ನೆತ್ತಿ ಮುಟ್ಟಿ ನೋಡಿ, ಕೆಂಡ ಮುಟ್ಟಿದ ಹಾಗಿದೆಯಲ್ಲ ಎಂದು ಸೆರಗಿನಿಂದ ಒರೆಸಿದಳು. ಇದಕ್ಕೇ ಎಂದು ತಂದಿದ್ದಳೋ ಏನೋ, ಚೀಲದಿಂದ ಸೀಸೆ ತೆಗೆದು ಇನ್ನೊಂದು ಅಂಗೈ ಎಣ್ಣೆ ತಟ್ಟಿದಳು. ಮುಳ್ಳಪ್ಪ ಬೇಡ ಎನ್ನುವಷ್ಟರಲ್ಲಿ ಅದು ಕಿವಿಯವರೆಗೆ ಇಳಿದಿತ್ತು. ಅವನು ಮುಖ ಗಂಟು ಹಾಕಿಕೊಂಡೇ ಕೆಲಸ ಮುಗಿಸಿ, ದಂಡಿಗೆ ಕೂರಿಸಿ, ಉಂಡು ಕೈತೊಳೆದು ಬಂದು ಅಕ್ಕಿಕಾಳು ಹಾಕಿದ.

ಮುಳ್ಳು ಕದಲಲಿಲ್ಲ.

ಮುಚ್ಚಿದ ಬಾಗಿಲು. ಒಳಗಿದ್ದವರು ಇಬ್ಬರೇ. ಮುಳ್ಳಪ್ಪ ಮೊದಲು ತಕ್ಕಡಿ ನೋಡಿದ, ಆಮೇಲೆ ಹೆಂಡತಿಯ ಕೈಯಲ್ಲಿದ್ದ ಸೀಸೆ ನೋಡಿದ.

"ನೀನೂ ಅವರ ಜೊತೆ ಸೇರ್ಕೊಂಡ್ಯಾ?"

"ಏನಂದ್ರಿ?"

"ನಿಮ್ಮಣ್ಣನ ಗಿರಣೀಲಿ ನಾನು ಮೂಟೆ ಹೊರಬೇಕು, ಅದೇ ತಾನೆ ನಿನ್ನ ಆಸೆ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಮೇಲೆ ಮೋಸದ ಮಾತು ಬಂದದ್ದು ಇದೇ ಮೊದಲು. ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು, ಬುತ್ತಿಯ ಡಬ್ಬಿಯನ್ನು ಅಲ್ಲೇ ಬಿಟ್ಟು, ಬಾಗಿಲನ್ನು ಬೀದಿಗೆಲ್ಲ ಕೇಳುವ ಹಾಗೆ ಎಳೆದುಕೊಂಡು ಹೋದಳು. ಮುಳ್ಳಪ್ಪನಿಗೆ ಎದೆ ಚುರುಕ್ ಎಂದಿತು. ಆದರೆ ಪಶ್ಚಾತ್ತಾಪಕ್ಕೂ ಹೊತ್ತಿರಲಿಲ್ಲ.

ಮೂರಕ್ಕೆ ಸರಿಯಾಗಿ ಅಧಿಕಾರಿ ಬಂದರು. ಕಂಕುಳಲ್ಲಿ ಕಡತ, ಜೇಬಿನಲ್ಲಿ ಅಕ್ಕಿಕಾಳಿನ ಪುಟ್ಟ ಡಬ್ಬಿ. ಮುಳ್ಳಪ್ಪ ಆಗಷ್ಟೇ ನಾಲ್ಕನೆಯ ಸಲ ಜೋಡಿಸಿ ಮುಗಿಸಿದ್ದ. ಅಧಿಕಾರಿ ಒಂದು ಕಾಳು ಹಾಕಿದರು, ಎರಡು ಹಾಕಿದರು, ಕನ್ನಡಕ ಸರಿಮಾಡಿಕೊಂಡು ಐದು ಹಾಕಿದರು. ಮುಳ್ಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಮುಳ್ಳಪ್ಪ ಅಳುವುದೊಂದು ಬಾಕಿ. ಬೀದಿಯವರೆಲ್ಲ ಸೇರಿ ತನ್ನನ್ನು ಮುಗಿಸಲು ಹೊರಟಿದ್ದಾರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎಣ್ಣೆ ಬಿಡುತ್ತಾರೆ ಎಂದು ಕತೆಯನ್ನೆಲ್ಲ ಹೇಳಿಕೊಂಡ. ಅಧಿಕಾರಿ ಸಾವಧಾನದ ಮನುಷ್ಯ. ಹಾಗಾದರೆ ತನ್ನೆದುರಿಗೇ ಇನ್ನೊಮ್ಮೆ ಮಾಡಿ ತೋರಿಸಲಿ, ಯಾರು ಬಂದು ಬಿಡುತ್ತಾರೋ ನೋಡೇಬಿಡೋಣ ಎಂದು ಸ್ಟೂಲು ಎಳೆದುಕೊಂಡು ಕೂತರು. ಕಿಟಕಿಯಲ್ಲಿ ದರ್ಜಿ, ಸೈಕಲ್‌ನವನು, ಸೆಲೂನಿನವನು ಮೂರು ತಲೆಗಳಾಗಿ ನಿಂತರು.

ಮುಳ್ಳಪ್ಪ ದಂಡಿಗೆ ಇಳಿಸಿದ. ಅಂಚನ್ನು ಸ್ಪಿರಿಟ್ಟಿನಿಂದ ಮೂರು ಸಲ ಒರೆಸಿದ. ಬೆಳಕಿಗೆ ಹಿಡಿದ. ಆಮೇಲೆ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ, ಎಣ್ಣೆ ಇಳಿಯುತ್ತಿದ್ದ ತನ್ನ ತಲೆಯ ಮೇಲೆ ಅದನ್ನು ಈ ತುದಿಯಿಂದ ಆ ತುದಿಗೆ ಭಕ್ತಿಯಿಂದ ಎಳೆದ.

ಕಿಟಕಿಯಲ್ಲಿದ್ದ ಮೂರು ತಲೆಗಳು ಏಕಕಾಲಕ್ಕೆ ಒಂದನ್ನೊಂದು ನೋಡಿಕೊಂಡವು.

"ಮನೇಲಿ ಯಾವ ಎಣ್ಣೆ ಹಚ್ತಾರೆ?" ಎಂದು ಅಧಿಕಾರಿ ಕೇಳಿದರು.

ಮುಳ್ಳಪ್ಪನ ಕೈ ತಲೆಯ ಮೇಲೇ ಉಳಿಯಿತು. ಈ ಪರೀಕ್ಷೆ ಕಲಿತಾಗ ಅವನು ಮದುವೆಯಾಗದ ಹುಡುಗ, ತಲೆಗೆ ಎಣ್ಣೆ ತಟ್ಟುವವರು ಯಾರೂ ಇರಲಿಲ್ಲ; ಮದುವೆಯಾದ ಮೇಲೂ ಇವತ್ತಿನವರೆಗೆ ಅದಕ್ಕೆ ತಲೆಯೊಡ್ಡಿರಲಿಲ್ಲ. ಗುರುವಿನದಂತೂ ನುಣ್ಣನೆಯ ಬೋಳುತಲೆ, ಅವರೂ ಪರೀಕ್ಷೆಗೆ ಶಿಷ್ಯನ ತಲೆಯನ್ನೇ ಬಳಸುತ್ತಿದ್ದರು. ದರ್ಜಿಯ ಮುಖ, ಸೈಕಲ್‌ನವನ ಕೈ, ಹೆಂಡತಿ ಎಳೆದುಕೊಂಡ ಬಾಗಿಲು ಎಲ್ಲ ಒಟ್ಟಿಗೇ ಕಣ್ಮುಂದೆ ಬಂದು ಅವನಿಗೆ ನಾಚಿಕೆಯಿಂದ ನೆಲಕ್ಕಿಳಿದುಹೋಗುವಂತಾಯಿತು.

ಅಧಿಕಾರಿ ಕರುಣೆಯಿಂದ ಅರ್ಧ ಗಂಟೆ ಕೊಟ್ಟರು. ತಾವು ಔಷಧಿ ಅಂಗಡಿಯ ತಕ್ಕಡಿ ನೋಡಿಕೊಂಡು ಬರುವಷ್ಟರಲ್ಲಿ ಮೊದಲು ತಲೆಯ ಎಣ್ಣೆ ತೆಗೆಯಬೇಕು, ಇಲ್ಲದಿದ್ದರೆ ಬಗ್ಗಿದಾಗಲೆಲ್ಲ ಬೆವರಿನ ಜೊತೆ ಅದು ತೊಟ್ಟಿಕ್ಕುತ್ತಲೇ ಇರುತ್ತದೆ ಎಂದರು. ಮುಳ್ಳಪ್ಪ ಸೋಪು ಹಿಡಿದು ನಲ್ಲಿಗೆ ಓಡಿದ. ನಲ್ಲಿ ಬುಸ್ ಎಂದಿತೇ ಹೊರತು ಒಂದು ಹನಿ ಬರಲಿಲ್ಲ. ಕೊಡದಲ್ಲಿದ್ದ ನೀರು ಕೈತೊಳೆದೇ ಖಾಲಿಯಾಗಿತ್ತು. ಬೇರೆ ದಾರಿ ಕಾಣದೆ ಸೆಲೂನಿಗೆ ನುಗ್ಗಿ ಕುರ್ಚಿಯಲ್ಲಿ ಕುಸಿದು ಕೂತ.

"ತೆಗೆದುಬಿಡು," ಎಂದ.

"ಪೂರ್ತೀನಾ?"

"ಪೂರ್ತಿ."

ಸೆಲೂನಿನವನು ಗುರುತಿಲ್ಲದ ಗಿರಾಕಿಗೆ ಮಾಡುವಂತೆ ಒಂದೂ ಸಲಹೆ ಕೊಡದೆ ಮಷೀನು ಓಡಿಸಿದ. ತಲೆ ಬೋಳಾಯಿತು. ಅಷ್ಟಕ್ಕೇ ನಿಲ್ಲದೆ ಮಷೀನು ಕೆಳಗಿಳಿದು ಇಪ್ಪತ್ತು ವರ್ಷದ ಮೀಸೆಯ ಅರ್ಧವನ್ನೂ ಹೊತ್ತೊಯ್ದಿತು. ಮುಳ್ಳಪ್ಪ ಕಿರುಚಿದ. ಪೂರ್ತಿ ಅಂದಿರಲ್ಲ, ಎಣ್ಣೆ ಅಲ್ಲಿಗೂ ಇಳಿದಿತ್ತು ಎಂದು ಅವನು ತಣ್ಣಗೆ ಹೇಳಿ ಉಳಿದರ್ಧವನ್ನೂ ತೆಗೆದ.

ಮುಳ್ಳಪ್ಪ ಅಂಗಡಿಗೆ ಓಡಿ ಅಂಚನ್ನು ಮತ್ತೆ ಒರೆಸಿ, ತಲೆಗೆ ತಾಗಿಸದೆ ದಂಡಿಗೆ ಕೂರಿಸಿದ. ಫಲ ಸಿಕ್ಕಿತು. ಅಧಿಕಾರಿ ಹಿಂತಿರುಗಿ ಬಂದು ಒಂದು ಕಾಳು ಹಾಕಿದೊಡನೆ ಮುಳ್ಳು ಮೆಲ್ಲಗೆ ಬಾಗಿತು. ಕಾಳನ್ನು ಉಗುರಿನಿಂದ ಮುರಿದು ಅರ್ಧ ಹಾಕಿದರು, ಅದಕ್ಕೂ ಬಾಗಿತು. ತಮ್ಮ ಸೇವೆಯಲ್ಲಿ ಇಂಥ ತಕ್ಕಡಿ ನೋಡಿಯೇ ಇಲ್ಲ ಎಂದು ತಲೆದೂಗಿದರು. ಮುಳ್ಳಪ್ಪನ ಕಣ್ಣು ತುಂಬಿ ಬಂತು. ಅಧಿಕಾರಿ ಕಡತ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಅರ್ಜಿಯ ಮೇಲಿದ್ದ ಫೋಟೋ ನೋಡಿದರು. ಗುಂಗುರು ಕೂದಲು, ದಪ್ಪ ಮೀಸೆ. ತಲೆಯೆತ್ತಿ ಎದುರಿದ್ದವನನ್ನು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

"ಈ ಮೊದಲು ಇಲ್ಲಿ ಕೂತಿದ್ದವರು ಎಲ್ಲಿ?"

ತಾನೇ ಅವನು ಎಂದು ಮುಳ್ಳಪ್ಪ ಬಡಬಡಿಸಿದ. ಇರಬಹುದು, ಆದರೆ ಒಬ್ಬರ ಪರೀಕ್ಷೆಗೆ ಇನ್ನೊಬ್ಬರು ಕೂತದ್ದನ್ನು ತಾವು ಬೇಕಾದಷ್ಟು ಕಂಡಿದ್ದೇವೆ, ಯಾರಾದರೂ ಒಬ್ಬರು ಗುರುತು ಹಿಡಿದು ಸಹಿ ಹಾಕಿದರೆ ಸಾಕು ಎಂದರು ಅಧಿಕಾರಿ. ಮುಳ್ಳಪ್ಪ ಹಿಗ್ಗಿ ಕಿಟಕಿಯತ್ತ ತಿರುಗಿದ.

ದರ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳತೆ ತೆಗೆಯುವಂತೆ ನೋಡಿ, "ಗುರುತಿಲ್ಲ ಸಾರ್," ಎಂದ. ಈ ಅಂಗಡಿಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಗೊತ್ತಿಲ್ಲ ಅನ್ನಬೇಕಂತ ಅಪ್ಪಣೆಯಾಗಿದೆ ಎಂದ ಸೈಕಲ್‌ನವನು. ಸೆಲೂನಿನವನು, ತಾನು ಜನರ ಗುರುತು ಹಿಡಿಯುವುದು ಕೂದಲಿನಿಂದ, ಅದನ್ನು ಈಗಷ್ಟೇ ಗುಡಿಸಿ ಹಾಕಿದೆ ಎಂದ.

ಅಷ್ಟರಲ್ಲಿ ಹೆಂಡತಿ ಬಿಟ್ಟುಹೋದ ಡಬ್ಬಿ ತೆಗೆದುಕೊಳ್ಳಲು ಬಂದು ಬಾಗಿಲಲ್ಲಿ ನಿಂತಳು. ಮುಳ್ಳಪ್ಪನಿಗೆ ಹೋದ ಜೀವ ಬಂದಂತಾಯಿತು. ಅಧಿಕಾರಿ ಅವನನ್ನು ತೋರಿಸಿ, ಇವರು ನಿಮ್ಮ ಯಜಮಾನರೇನಮ್ಮ ಎಂದು ಕೇಳಿದರು. ಅವಳು ಆ ಬೋಳುತಲೆಯನ್ನು, ಮೀಸೆಯಿಲ್ಲದ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಡಬ್ಬಿ ಎತ್ತಿಕೊಂಡಳು.

"ಅಲ್ಲ ಸಾರ್," ಎಂದಳು. "ನಮ್ಮ ಯಜಮಾನರಿಗೆ ತಲೆತುಂಬ ಕೂದಲಿದೆ. ಇವತ್ತು ಎರಡು ಸಲ ನಾನೇ ಎಣ್ಣೆ ಹಚ್ಚಿದ್ದೀನಿ."